ಬೇಡ ಅಂದಿದ್ದನ್ನೂ ಬರ್ಕೊಳ್ಳಿ

ನಗರಸಭೆ ಸದಸ್ಯೆಯಾಗಿ ಗೆದ್ದ ಮೇಲೆ ಮೊದಲ ಸಲ ಆಫೀಸಿಗೆ ಹೋದಾಗ ಅಲ್ಲಿದ್ದ ಗುಮಾಸ್ತರು ಎದ್ದು ನಿಂತು ಕೈ ಮುಗಿದರು. ಕೈ ಮುಗಿದಿದ್ದು ನನ್ನ ಹಿಂದೆ ನಿಂತಿದ್ದ ನಮ್ಮ ಯಜಮಾನರಿಗೆ. "ಬನ್ನಿ ಸಾರ್, ಕೂತ್ಕೊಳ್ಳಿ" ಅಂದರು. ಅಲ್ಲಿ ಇದ್ದಿದ್ದು ಒಂದೇ ಕುರ್ಚಿ.

ನಮ್ಮ ಯಜಮಾನರು ಕೂರಲಿಲ್ಲ. "ಗೆದ್ದಿರೋದು ಇವರು. ನಾನು ಗಾಡಿಯಲ್ಲಿ ಕರ್ಕೊಂಡು ಬಂದೋನು" ಅಂದು ಹೊರಗೆ ಹೋಗಿ ಬೇವಿನ ಮರದ ಕೆಳಗೆ ನಿಂತುಬಿಟ್ಟರು. ಆ ಮಾತಿಗೆ ನಾನು ಇವತ್ತಿಗೂ ಅವರಿಗೆ ಋಣಿ. ಎಷ್ಟೋ ವಾರ್ಡುಗಳಲ್ಲಿ ಆ ಮಾತು ಯಾರ ಬಾಯಿಂದಲೂ ಬರಲಿಲ್ಲ.

ಊರಿನ ಹೆಸರು ಬರೆಯುವುದಿಲ್ಲ. ಕೋಲಾರ ಜಿಲ್ಲೆಯ ಒಂದು ಊರು ಅಂತಿರಲಿ. ನನ್ನ ಜೊತೆ ನಿಂತವರು, ಜಗಳ ಆಡಿದವರು ಎಲ್ಲರೂ ಇನ್ನೂ ಅದೇ ಬೀದಿಗಳಲ್ಲಿ ಇದ್ದಾರೆ. ನಾನು ಬರೆಯಲು ಕೂತಿದ್ದಕ್ಕೆ ಕಾರಣ ಬೇರೆ. ಮುಂದಿನ ಸಲ ನಿಲ್ಲಬೇಕು ಅಂದುಕೊಂಡಿರುವ ಹೆಣ್ಣುಮಕ್ಕಳು ಫೋನ್ ಮಾಡಿ "ಅಕ್ಕಾ, ಹೆಂಗಿರುತ್ತೆ ಒಳಗೆ?" ಅಂತ ಕೇಳುತ್ತಾರೆ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಅದು.

ನನಗೆ ಎಲ್ಲ ಶುರುವಾಗಿದ್ದು ಒಂದು ಪುಸ್ತಕದಿಂದ. ನಾನು ಪಿಯುಸಿವರೆಗೆ ಓದಿದವಳು. ಮನೆಯಲ್ಲೇ ಹೊಲಿಗೆ. ಯಜಮಾನರು ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಆಗ ಸ್ವರ್ಣ ಜಯಂತಿ ಶಹರಿ ರೋಜ್‌ಗಾರ್ ಯೋಜನೆ ಇತ್ತು. ಸಮುದಾಯ ಸಂಘಟಕಿ ಮೇಡಂ ಒಬ್ಬರು ಬಿಸಿಲಲ್ಲಿ ಬೀದಿ ಬೀದಿ ತಿರುಗಿ ಮಹಿಳಾ ಸಂಘ ಕಟ್ಟಿಸುತ್ತಿದ್ದರು. ನಮ್ಮ ಬೀದಿಯಲ್ಲಿ ಹನ್ನೆರಡು ಜನ ಸೇರಿದೆವು. ವಾರಕ್ಕೆ 20 ರೂಪಾಯಿ ಉಳಿತಾಯ. ನನ್ನ ಅಕ್ಷರ ಚೆನ್ನಾಗಿದೆ ಅಂತ ನಡಾವಳಿ ಪುಸ್ತಕ ನನ್ನ ಕೈಗೆ ಕೊಟ್ಟರು.

ಒಂದು ಭಾನುವಾರ ಒಬ್ಬರಿಗೆ ಸಾಲ ಕೊಡುವ ಮಾತು ಬಂತು. ಎಲ್ಲರೂ ಹ್ಞೂಂ ಅಂದರು. ಹೂ ಕಟ್ಟಿ ಮಾರುವ ಅಜ್ಜಿ ಒಬ್ಬರು ಮಾತ್ರ ಬೇಡ ಅಂದರು. ಗಂಡ ಕುಡಿದು ಕಳೆಯುತ್ತಾನೆ ಅನ್ನೋದು ಅವರ ಭಯ. ನಾನು ಬರೆದು ಕೊನೆಗೆ ಗಟ್ಟಿಯಾಗಿ ಓದಿದೆ: "ಎಲ್ಲಾ ಸದಸ್ಯರೂ ಒಪ್ಪಿದರು."

ಅಜ್ಜಿ ಮೊಳ ಹಾಕುತ್ತಿದ್ದ ಹೂವನ್ನು ಕೆಳಗಿಟ್ಟರು. "ಎಲ್ಲಾರೂ ಎಲ್ಲಮ್ಮಾ ಒಪ್ಪಿದ್ರು? ನಾನು ಬೇಡ ಅಂದೆ. ಬೇಡ ಅಂದಿದ್ದನ್ನೂ ಬರ್ಕೋ. ನಾಳೆ ದುಡ್ಡು ಹೋದ್ರೆ ನಾನೂ ಹ್ಞೂಂ ಅಂದಂಗಾಗುತ್ತೆ" ಅಂದರು.

ಆ ಸಾಲು ಹೊಡೆದುಹಾಕಿ ಮತ್ತೆ ಬರೆದೆ. ಪಕ್ಕದಲ್ಲಿ ಅಜ್ಜಿಯ ಹೆಬ್ಬೆಟ್ಟು ಒತ್ತಿಸಿದೆ. ಸಾಲ ಸರಿಯಾಗಿ ವಾಪಸ್ ಬಂತು, ಅದು ಬೇರೆ ಮಾತು. ಅಕ್ಷರ ಬಾರದ ಅಜ್ಜಿಗೆ ಗೊತ್ತಿದ್ದ ವಿಷಯ ಪಿಯುಸಿ ಓದಿದ ನನಗೆ ಗೊತ್ತಿರಲಿಲ್ಲ. ಒಂಬತ್ತು ವರ್ಷ ಆ ಪುಸ್ತಕ ಬರೆದೆ. ಬ್ಯಾಂಕಿಗೆ ಹೋಗೋದು, ಅರ್ಜಿ ಬರೆಯೋದು, ಆಫೀಸಿನಲ್ಲಿ ಕಾಯೋದು, ಎಲ್ಲ ಆಮೇಲೆ ಒಂದೊಂದಾಗಿ ಬಂತು.

2019ರಲ್ಲಿ ನಮ್ಮ ಜಿಲ್ಲೆಯ ನಗರಸಭೆಗಳಿಗೆ ಚುನಾವಣೆ ಬಂತು. ಸಂವಿಧಾನದ 74ನೇ ತಿದ್ದುಪಡಿ ಹೆಂಗಸರಿಗೆ ಕೊಟ್ಟಿದ್ದು ಮೂರರಲ್ಲಿ ಒಂದು ಪಾಲು. ಕರ್ನಾಟಕದಲ್ಲಿ ಈಗ ಅರ್ಧ ಸ್ಥಾನ. ಮೀಸಲಾತಿ ಪಟ್ಟಿಯಲ್ಲಿ ನಮ್ಮ ವಾರ್ಡಿನ ಮುಂದೆ "ಸಾಮಾನ್ಯ ಮಹಿಳೆ" ಅಂತಿತ್ತು. ಎರಡು ದಿನದಲ್ಲಿ ಬೀದಿ ತುಂಬಾ ಮಾತು, ಅವರ ಹೆಂಡತಿ ನಿಲ್ಲುತ್ತಾರೆ, ಇವರ ಸೊಸೆ ನಿಲ್ಲುತ್ತಾರೆ ಅಂತ. ಸಂಘದವರು ಒಂದು ಸಂಜೆ ನಮ್ಮ ಮನೆಗೆ ಬಂದು ಕೂತರು. "ಯಾರ್ದೋ ಹೆಂಡ್ತಿಯಾಗಿ ಯಾಕೆ, ನೀನು ನೀನಾಗೇ ನಿಂತ್ಕೋ" ಅಂದರು. ಪಕ್ಷದ ಟಿಕೆಟ್ ಕೇಳಲು ಹೋಗಲಿಲ್ಲ.

ನಾಮಪತ್ರದ ಕೆಲಸ ಅಂದುಕೊಂಡಿದ್ದಕ್ಕಿಂತ ಜಾಸ್ತಿ. ಮತದಾರರ ಪಟ್ಟಿಯಲ್ಲಿ ನಮ್ಮ ಹೆಸರಿನ ಭಾಗದ ಸಂಖ್ಯೆ, ಕ್ರಮ ಸಂಖ್ಯೆ ಸರಿಯಾಗಿ ನೋಡಿಕೊಳ್ಳಬೇಕು. ನಮ್ಮ ಹೆಸರು ಸೂಚಿಸಿ ಸಹಿ ಹಾಕುವ ಸೂಚಕರ ವಿವರವೂ ಹಾಗೆಯೇ. ಮನೆ ಕಂದಾಯ, ನೀರಿನ ಕಂದಾಯ ಬಾಕಿ ಉಳಿಸಿಕೊಂಡು ಹೋಗಬೇಡಿ. ಆಮೇಲೆ ಅಫಿಡವಿಟ್. ಅದರಲ್ಲಿ ನನ್ನ ಆಸ್ತಿ, ಯಜಮಾನರ ಆಸ್ತಿ ಬೇರೆ ಬೇರೆ ಬರೆಯಬೇಕು. ನೋಟರಿ ಆಫೀಸಿನ ಬೆಂಚಿನ ಮೇಲೆ ಕೂತು ತುಂಬಿಸುತ್ತಾ ಹೋದೆ. ಮನೆ: ಇಲ್ಲ. ನಿವೇಶನ: ಇಲ್ಲ. ಜಮೀನು: ಇಲ್ಲ. ವಾಹನ: ಇಲ್ಲ. ಇಪ್ಪತ್ತು ವರ್ಷ ದುಡಿದವಳ ಹೆಸರಿನಲ್ಲಿ ಒಂದು ಹೊಲಿಗೆ ಮೆಷಿನ್ನು, ಒಂದಿಷ್ಟು ಬಂಗಾರ, ಸಂಘದ ಉಳಿತಾಯ. ಪೆನ್ನು ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.

ಪ್ರಚಾರಕ್ಕೆ ದುಡ್ಡಿರಲಿಲ್ಲ. ಸಂಘದವರು ಇಬ್ಬಿಬ್ಬರಾಗಿ ಮನೆ ಮನೆಗೆ ಹೋದರು. ನಮ್ಮ ಕಡೆ ಅರ್ಧ ಮನೆಗಳಲ್ಲಿ ಕನ್ನಡ, ಇನ್ನರ್ಧ ಮನೆಗಳಲ್ಲಿ ತೆಲುಗು. ಒಂದು ಬಾಗಿಲಲ್ಲಿ ನೀರು ಅಂದರೆ ಮುಂದಿನ ಬಾಗಿಲಲ್ಲಿ ನೀಳ್ಳು. ಎಲ್ಲ ಬಾಗಿಲಲ್ಲೂ ಕೇಳಿದ್ದು ಅದನ್ನೇ. 61 ವೋಟಿನಲ್ಲಿ ಗೆದ್ದೆ. ಗೆದ್ದವರು ಸೋತವರು ಎಲ್ಲರೂ ಖರ್ಚಿನ ಲೆಕ್ಕ ಕೊಡಬೇಕು. ಟೀ ಬಿಸ್ಕತ್ತಿನ ಚೀಟಿಯನ್ನೂ ಎತ್ತಿಟ್ಟುಕೊಳ್ಳಿ.

ಇನ್ನು ಮುಂದಿನದು ಯಾರೂ ಮೊದಲೇ ಹೇಳಿರಲಿಲ್ಲ. ಗೆದ್ದೆ, ಆದರೆ ಅಧಿಕಾರ ಸಿಗಲಿಲ್ಲ. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಹೈಕೋರ್ಟಿನಲ್ಲಿ ಸಿಕ್ಕಿಹಾಕಿಕೊಂಡಿತ್ತು. ಅಧ್ಯಕ್ಷರಿಲ್ಲದೆ ಸಭೆ ಇಲ್ಲ. 2019ರ ನವೆಂಬರಿನಲ್ಲಿ ಗೆದ್ದ ನಾವು 2020ರ ಕೊನೆಯವರೆಗೆ ಸುಮ್ನೆ ಕಾದೆವು. ನಮಗಿಂತ ಒಂದು ವರ್ಷ ಮೊದಲು, 2018ರಲ್ಲಿ ಗೆದ್ದ ಬೇರೆ ಊರಿನವರು ಎರಡು ವರ್ಷ ಕಾದರು. ಅಲ್ಲಿಯವರೆಗೆ ನಗರಸಭೆಯನ್ನು ಸರ್ಕಾರದ ಆಡಳಿತಾಧಿಕಾರಿಗಳು ನಡೆಸುತ್ತಿದ್ದರು. ಜನಕ್ಕೆ ಇದೆಲ್ಲ ಹೇಗೆ ಅರ್ಥ ಆಗಬೇಕು? "ವೋಟು ಹಾಕಿದ್ವಲ್ಲಮ್ಮಾ, ಚರಂಡಿ ತೆಗೆಸು" ಅಂತಿದ್ದರು. ಅವರು ಕೇಳಿದ್ದು ಸರಿಯೇ.

ಆ ನಡುವೆಯೇ ಕೊರೊನಾ. ಸೀಲ್‌ಡೌನ್ ಮಾಡಿದ ಬೀದಿಗೆ ಹಾಲು, ಔಷಧಿ ತಲುಪಿಸಲು ಯಾವ ಅಧಿಕಾರವೂ ಬೇಕಾಗಲಿಲ್ಲ. ಸಂಘದ ಹನ್ನೆರಡು ಜನರ ಫೋನ್ ನಂಬರು ಸಾಕಾಯಿತು. ಹೊಲಿಗೆ ಬರುವವರೆಲ್ಲ ಮಾಸ್ಕ್ ಹೊಲಿದೆವು.

ಅಧ್ಯಕ್ಷರ ಚುನಾವಣೆ ಹತ್ತಿರ ಬಂದಾಗ ಸದಸ್ಯರನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗುವ ಮಾತು ಬಂತು. ಶಾಸಕರು, ಸಂಸದರು ಕೂಡ ಮತ ಹಾಕುವ ಚುನಾವಣೆ ಅದು, ಒಂದೊಂದು ಮತಕ್ಕೂ ಬೆಲೆ ಜಾಸ್ತಿ. ನಾನು ಹೋಗಲಿಲ್ಲ. ಹಸುಗೂಸು ಎತ್ತಿಕೊಂಡು ಬಸ್ಸು ಹತ್ತಿದ ಒಬ್ಬ ಸದಸ್ಯೆಯನ್ನು ನೋಡಿ ಕರುಳು ಚುರುಕ್ ಅಂದಿತು. ಅದರ ಬಗ್ಗೆ ಇಷ್ಟೇ.

ಮೊದಲ ಸಾಮಾನ್ಯ ಸಭೆಯ ಕಾರ್ಯಸೂಚಿ ಮನೆಗೆ ಬಂತು. ನಲವತ್ತಕ್ಕೂ ಹೆಚ್ಚು ವಿಷಯ. ಮೂರು ರಾತ್ರಿ ಕೂತು ಓದಿದೆ. ಕನ್ನಡವೇ, ಆದರೆ ನನಗೆ ಗೊತ್ತಿದ್ದ ಕನ್ನಡ ಅಲ್ಲ. "ಘಟನೋತ್ತರ ಮಂಜೂರಾತಿ ಕೋರಿ" ಅನ್ನೋದು ಎಂಟು ಕಡೆ ಇತ್ತು. ನಿವೃತ್ತರಾದ ಹಿರಿಯ ಗುಮಾಸ್ತರೊಬ್ಬರು ನಮ್ಮ ಬೀದಿಯಲ್ಲೇ ಇದ್ದರು. ಅವರ ಮನೆಗೆ ಹೋಗಿ ಕೇಳಿದೆ. "ಕೆಲಸ ಆಗೋಗಿದೆ ಅಂತ ಅರ್ಥಮ್ಮ. ಈಗ ನೀವೆಲ್ಲ ಕೂತು ಹ್ಞೂಂ ಅನ್ನಬೇಕು" ಅಂದರು. ಟೆಂಡರ್ ಕರೆಯದೆ ಕೊಡಲು ಒಂದೇ ಕೆಲಸವನ್ನು ಚೂರು ಚೂರು ಮಾಡುವುದಕ್ಕೆ ತುಂಡು ಗುತ್ತಿಗೆ ಅನ್ನುತ್ತಾರೆ ಅಂತಲೂ ಅವರೇ ಹೇಳಿದ್ದು. 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ ಪುಸ್ತಕ ಕೊಟ್ಟು, "ಎಲ್ಲಾ ಓದಬೇಡ. ಸಭೆ, ಸದಸ್ಯರು, ಹಣ, ಈ ಮೂರು ಭಾಗ ಓದು" ಅಂದರು. ಗೆಲ್ಲುವ ಹೆಣ್ಣುಮಕ್ಕಳಿಗೆ ನಾನು ಹೇಳುವುದೂ ಅದನ್ನೇ.

ಆ ಕಾರ್ಯಸೂಚಿಯಲ್ಲಿ ಒಂದೇ ಬೋರ್‌ವೆಲ್ಲಿನ ಮೋಟಾರ್ ರಿಪೇರಿ ಮೂರು ಕಡೆ ಇತ್ತು. ಮೂರು ಬೇರೆ ಬೇರೆ ಪುಟದಲ್ಲಿ. ನಾಲ್ಕು ತಿಂಗಳಲ್ಲಿ ಮೂರು ಸಲ ಸುಟ್ಟಿತ್ತಂತೆ. ಆ ಬೋರು ನಮ್ಮ ವಾರ್ಡಿನದು. ಒಂದು ಸಲ ಮೋಟಾರ್ ಎತ್ತಿದ್ದನ್ನು ನಾನೇ ನೋಡಿದ್ದೆ.

ಸಭೆಯಲ್ಲಿ ಎದ್ದು ನಿಂತೆ. ಕಾಲು ನಡುಗುತ್ತಿತ್ತು. ಕೇಳಿದೆ. "ಅದೆಲ್ಲಾ ಟೆಕ್ನಿಕಲ್ ಮೇಡಂ, ಆಮೇಲೆ ಹೇಳ್ತೀವಿ" ಅಂದರು. ಯಾರೋ ಹಿಂದಿನಿಂದ "ಪಾಸ್, ಪಾಸ್, ಮುಂದಿನ ವಿಷಯ" ಅಂದರು. ನಾನು ಒಪ್ಪಿಗೆ ಇಲ್ಲ ಅಂತ ಹೇಳಿ ಕೂತೆ.

ಮುಂದಿನ ಸಭೆಯಲ್ಲಿ ಹಿಂದಿನ ಸಭೆಯ ನಡಾವಳಿ ಓದಿದರು. "ಸರ್ವಾನುಮತದಿಂದ ಅನುಮೋದಿಸಲಾಯಿತು."

ಹೂ ಕಟ್ಟುವ ಅಜ್ಜಿ ಕಣ್ಣ ಮುಂದೆ ಬಂದರು. ಅಜ್ಜಿ ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು. ಮತ್ತೆ ಎದ್ದೆ. "ಸರ್ವಾನುಮತ ಅಲ್ಲ. ನಾನು ಬೇಡ ಅಂದಿದ್ದೀನಿ. ಅದನ್ನೂ ಬರ್ಕೊಳ್ಳಿ" ಅಂದೆ. ಗದ್ದಲ ಆಯಿತು. ಹೊಸಬರಿಗೆ ಪದ್ಧತಿ ಗೊತ್ತಿಲ್ಲ ಅಂದರು. ಒಂದು ವಾರ್ಡಿನ ಕೆಲಸಕ್ಕೆ ಅಡ್ಡಗಾಲು ಹಾಕುತ್ತಾರೆ ಅಂದರು. "ನಿಮ್ಮ ಯಜಮಾನ್ರಿಗೆ ಫೋನ್ ಮಾಡಿ ಮಾತಾಡ್ತೀವಿ ಬಿಡಿ" ಅಂತ ಕೂಡ ಒಬ್ಬರು ಅಂದರು. ನಾನು ಕೂರಲಿಲ್ಲ. ಇಪ್ಪತ್ತು ನಿಮಿಷ ನಿಂತೇ ಇದ್ದೆ. ಮಾತಾಡಲು ಹೆಚ್ಚೇನೂ ಇರಲಿಲ್ಲ, ಅದೇ ವಾಕ್ಯವನ್ನು ಮತ್ತೆ ಮತ್ತೆ ಹೇಳಿದೆ.

ಮಾರನೇ ದಿನ ಪೌರಾಯುಕ್ತರಿಗೆ ಪತ್ರ ಬರೆದೆ. ಎರಡು ಪ್ರತಿ. ಒಂದು ಅವರಿಗೆ, ಇನ್ನೊಂದರ ಮೇಲೆ ಸ್ವೀಕೃತಿ ಸೀಲು, ತಾರೀಖು ಹಾಕಿಸಿಕೊಂಡು ಬಂದೆ. ಆಮೇಲಿನ ಸಭೆಯಲ್ಲಿ ನಡಾವಳಿ ತಿದ್ದಿದರು. ವಾರ್ಡಿನ ಸದಸ್ಯರ ಆಕ್ಷೇಪಣೆಯನ್ನು ದಾಖಲಿಸಲಾಗಿದೆ ಅಂತ ಒಂದು ಸಾಲು ಬಂತು. ಎರಡು ಬಿಲ್ಲು ಪಾವತಿ ಆಗಿಹೋಗಿತ್ತು. ಮೂರನೆಯದು ನಿಂತಿತು.

ಆ ಒಂದು ಸಾಲಿನಿಂದ ಆದ ದೊಡ್ಡ ಕೆಲಸ ಬಿಲ್ಲು ನಿಂತಿದ್ದಲ್ಲ ಅಂತ ನನಗೆ ಅನ್ನಿಸುತ್ತದೆ. ಸಭೆ ಮುಗಿದ ಮೇಲೆ ಮೆಟ್ಟಿಲ ಹತ್ತಿರ ಒಬ್ಬ ಸದಸ್ಯೆ ನನ್ನ ಕೈ ಹಿಡಿದುಕೊಂಡು, "ಅಕ್ಕಾ, ನಮಗೂ ಓದಿ ಹೇಳ್ತೀರಾ?" ಅಂದರು. ಮೊದಲ ಸಭೆಯಿಂದಲೂ ಬಂದು ಒಂದು ಮಾತೂ ಆಡದವರು ಅವರು. ಅವತ್ತಿನಿಂದ ಸಭೆಯ ಹಿಂದಿನ ದಿನ ಸಂಜೆ ನಮ್ಮ ಮನೆಯಲ್ಲಿ ಸೇರುವ ಪದ್ಧತಿ ಶುರುವಾಯಿತು. ಮೊದಲು ಮೂವರು, ಆಮೇಲೆ ಏಳು ಜನ. ಪಕ್ಷ ಬೇರೆ ಬೇರೆ. ಹೊಲಿಗೆ ಮೆಷಿನ್ನು ಮೂಲೆಗೆ ಸರಿಸಿ ಚಾಪೆ ಹಾಸುತ್ತಿದ್ದೆ. ಒಂದು ಪಾತ್ರೆ ಉಪ್ಪಿಟ್ಟು. ಒಬ್ಬರು ಓದೋದು, ಉಳಿದವರು ಗೆರೆ ಎಳೆಯೋದು. ಕೆಲವರ ಗಂಡಂದಿರು ಜಗಲಿಯಲ್ಲಿ ಕಾಯುತ್ತಿದ್ದರು. ಕ್ರಮೇಣ ಅವರು ಬರುವುದು ಬಿಟ್ಟರು. ಹೆಣ್ಣುಮಕ್ಕಳು ತಾವೇ ಆಟೋದಲ್ಲಿ ಬಂದು ಹೋಗುತ್ತಿದ್ದರು.

ಅಲ್ಲೇ ನಾವು ದುಡ್ಡಿನ ಲೆಕ್ಕ ಕಲಿತಿದ್ದು. ನಗರಸಭೆ ತನ್ನ ಹಣದಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 24.10, ಇತರ ಬಡವರಿಗೆ ಶೇ. 7.25, ಅಂಗವಿಕಲರಿಗೆ ಶೇ. 5 ಹಣ ಎತ್ತಿಡಬೇಕು. ಇದು ಗೊತ್ತಿದ್ದರೆ ಕೇಳಬಹುದು. ಗೊತ್ತಿಲ್ಲದಿದ್ದರೆ ಯಾರೂ ಕರೆದು ಕೊಡೋದಿಲ್ಲ. ನಮ್ಮ ವಾರ್ಡಿನ ಒಬ್ಬ ಹುಡುಗ ಎರಡೂ ಕಾಲಿಗೆ ಪೋಲಿಯೊ ಆದವನು, ಮೊಬೈಲ್ ರಿಪೇರಿ ಅಂಗಡಿಗೆ ಅಣ್ಣನ ಬೆನ್ನ ಮೇಲೆ ಹೋಗುತ್ತಿದ್ದ. ಶೇ. 5ರ ಹಣದಲ್ಲಿ ಮೂರು ಚಕ್ರದ ಗಾಡಿ ಬಂತು. ಮೂರು ಸಲ ಅರ್ಜಿ ಹಾಕಿದ ಮೇಲೆ. ಅವನು ಮೊದಲ ದಿನ ಒಬ್ಬನೇ ಅಂಗಡಿಗೆ ಹೋಗಿದ್ದನ್ನು ಬಾಗಿಲಲ್ಲಿ ನಿಂತು ನೋಡಿದೆ.

ಈಗ ನೀರು. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಇಲ್ಲ. ಬೋರು ಸಾವಿರ ಅಡಿ ದಾಟಿ ಎಷ್ಟೋ ಕಾಲವಾಯಿತು. 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೆರೆಗಳಿಗೆ ಬರುತ್ತಿದೆ. ಅದು ಅಂತರ್ಜಲಕ್ಕೆ, ಕುಡಿಯುವುದಕ್ಕಲ್ಲ. ಕೋಲಾರ, ಬಂಗಾರಪೇಟೆ, ಮಾಲೂರಿಗಾಗಿ ಕಟ್ಟಿದ ಯರಗೋಳ್ ಅಣೆಕಟ್ಟು ಉದ್ಘಾಟನೆ ಆಗಿದ್ದು 2023ರಲ್ಲಿ. ಇವೆಲ್ಲ ದೊಡ್ಡ ವಿಷಯ. ನಮ್ಮ ವಾರ್ಡಿನ ತಕರಾರು ಚಿಕ್ಕದು. ಎಂಟು ದಿನಕ್ಕೊಮ್ಮೆ ನೀರು ಬಿಡುತ್ತಿದ್ದರು. ಅದರಲ್ಲೂ ಕೆಳಗಿನ ಬೀದಿಗೆ ಎರಡೂವರೆ ಗಂಟೆ, ಮೇಲಿನ ಬೀದಿಗೆ ನಲವತ್ತು ನಿಮಿಷ.

ಎಲ್ಲರೂ ನೀರುಗಂಟಿಯನ್ನು ಬೈಯುತ್ತಿದ್ದರು. ದುಡ್ಡು ತಗೊಂಡು ಬಿಡ್ತಾನೆ ಅಂತ. ನಾನು ಒಂದು ದಿನ ಬೆಳಗಿನ ಜಾವ ಮೂರೂವರೆಗೆ ಸಂಘದ ಇಬ್ಬರನ್ನು ಕರೆದುಕೊಂಡು ಅವರ ಹಿಂದೆ ಹೋದೆ. ಕೈಯಲ್ಲಿ ಉದ್ದನೆಯ ಕಬ್ಬಿಣದ ಕೀಲಿ, ತುದಿಯಲ್ಲಿ ಅಡ್ಡ ಹಿಡಿ. ರಸ್ತೆ ಮಧ್ಯದ ಗುಂಡಿಯ ಮುಚ್ಚಳ ಎತ್ತಿದರು. ಒಳಗೆ ಕೊಳೆತ ನೀರು, ಎರಡು ಕಪ್ಪೆ. ಕೀಲಿಯನ್ನು ಆ ನೀರೊಳಗೆ ಇಳಿಸಿ, ಕಣ್ಣಿಗೆ ಕಾಣದ ವಾಲ್ವಿಗೆ ಕೂರಿಸಿ ತಿರುಗಿಸತೊಡಗಿದರು. ಬಾಯಲ್ಲಿ ಎಣಿಕೆ. "ಹದಿನೆಂಟು ಸುತ್ತು ತೆಗೆದ್ರೆ ಪೂರ್ತಿ ಅಕ್ಕಾ. ಇಪ್ಪತ್ತು ತಿರುಗಿಸಿದ್ರೆ ಮುರಿಯುತ್ತೆ" ಅಂದರು. ಹದಿನಾಲ್ಕು ವಾಲ್ವು, ಒಬ್ಬರೇ, ಗುತ್ತಿಗೆ ಕೆಲಸ. ಅಂಗೈ ತೋರಿಸಿದರು. ಕೀಲಿ ಹಿಡಿದ ಜಾಗ ಚರ್ಮ ಗಟ್ಟಿಯಾಗಿ ಹಳದಿ ಬಣ್ಣಕ್ಕೆ ತಿರುಗಿತ್ತು. ಅವರನ್ನು ಬೈದಿದ್ದವರಲ್ಲಿ ನಾನೂ ಒಬ್ಬಳು. ಅಲ್ಲೇ ಕ್ಷಮೆ ಕೇಳಿದೆ.

ಮೇಲಿನ ಬೀದಿಗೆ ನೀರು ಹತ್ತದಿರಲು ಕಾರಣ ಅವರಿಗೆ ಗೊತ್ತಿತ್ತು, ಯಾರೂ ಕೇಳಿರಲಿಲ್ಲ. ಕೆಳಗಿನ ವಾಲ್ವು ಮೊದಲು ತೆಗೆಯುವುದು ಹಳೆಯ ಪದ್ಧತಿ. ಟ್ಯಾಂಕಿನ ಅರ್ಧ ಅಲ್ಲೇ ಖಾಲಿ. ಜೊತೆಗೆ ಕೆಲವರು ಪೈಪಿಗೇ ಮೋಟಾರ್ ಹಾಕಿ ಎಳೆಯುತ್ತಿದ್ದರು.

ನಾವು ಒಂದು ಪುಸ್ತಕ ಮಾಡಿದೆವು. ಒಂದೊಂದು ಬೀದಿಗೆ ಒಬ್ಬ ಹೆಂಗಸು. ನೀರು ಬಂದ ದಿನ, ಬಂದ ಗಂಟೆ, ನಿಂತ ಗಂಟೆ, ತುಂಬಿದ ಕೊಡ. ಮೂರು ತಿಂಗಳು ಬರೆದೆವು. ಆ ಪುಸ್ತಕ ಇಂಜಿನಿಯರ್ ಮೇಜಿನ ಮೇಲೆ ಇಟ್ಟಾಗ ಅವರು ಪುಟ ತಿರುಗಿಸಿ ತಿರುಗಿಸಿ ನೋಡಿದರು. ಮೇಲಿನ ವಾಲ್ವು ಮೊದಲು ಒಂದೂವರೆ ಗಂಟೆ, ಆಮೇಲೆ ಕೆಳಗಿನದು ಅಂತ ಕ್ರಮ ಬದಲಾಯಿತು. ಮೋಟಾರ್ ತೆಗೆಸುವುದು ಕಷ್ಟವಾಯಿತು. ಸಿಕ್ಕಿದ ಮೂರು ಮನೆಗಳಲ್ಲಿ ಒಂದು ನಮ್ಮ ನಾದಿನಿಯದು. ಮೊದಲು ಅದನ್ನೇ ತೆಗೆಸಿದೆ. ಎರಡು ವರ್ಷ ಹಬ್ಬಕ್ಕೆ ಕರೆಯಲಿಲ್ಲ. ಮೇಲಿನ ಬೀದಿಯ ಒಬ್ಬ ಬಾಣಂತಿ ನಲ್ಲಿಯ ಕೆಳಗೆ ಎರಡನೇ ಡ್ರಮ್ ಇಡುವುದನ್ನು ನೋಡಿದ ದಿನ ಆ ನೋವು ಸ್ವಲ್ಪ ಕಡಿಮೆಯಾಯಿತು.

ಇಷ್ಟರಲ್ಲಿ ಅಧ್ಯಕ್ಷರ ಮೂವತ್ತು ತಿಂಗಳ ಅವಧಿ ಮುಗಿಯಿತು. 2023ರ ಮಧ್ಯದಿಂದ ಮತ್ತೆ ಆಡಳಿತಾಧಿಕಾರಿ. ಎರಡನೇ ಅವಧಿಯ ಮೀಸಲಾತಿ ಪಟ್ಟಿ ಬಂದಿದ್ದು 2024ರ ಆಗಸ್ಟಿನಲ್ಲಿ. ಕೊರೊನಾ ಕಾಲದ್ದನ್ನೂ ಸೇರಿಸಿದರೆ, ಜನ ಆರಿಸಿದ ನಾವು ಸಭೆ ಇಲ್ಲದೆ ಕಳೆದಿದ್ದು ಎರಡು ವರ್ಷಕ್ಕೂ ಮೇಲೆ. ಇದು ನನಗೆ ಈಗಲೂ ಹೊಟ್ಟೆಯಲ್ಲಿ ಬೆಂಕಿ ಹಾಕಿದ ಹಾಗೆ ಆಗುತ್ತದೆ. ಆ ದಿನಗಳಲ್ಲೂ ನೀರಿನ ಪುಸ್ತಕ ನಿಲ್ಲಲಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ಮೀಸಲಾತಿ ಸುತ್ತುತ್ತಾ ಹೋಗುತ್ತದೆ. ಈ ಸಲ ಮಹಿಳೆಗೆ ಇದ್ದ ವಾರ್ಡು ಮುಂದಿನ ಸಲ ಬೇರೆಯವರಿಗೆ. ಕೆಲಸ ಕಲಿಯುವ ಹೊತ್ತಿಗೆ ಅವಧಿ ಮುಗಿದಿರುತ್ತದೆ. ಸಾಮಾನ್ಯ ಸ್ಥಾನದಲ್ಲಿ ಹೆಂಗಸು ನಿಲ್ಲಬಾರದು ಅಂತ ಕಾನೂನಿನಲ್ಲಿ ಎಲ್ಲೂ ಇಲ್ಲ. ಆದರೂ "ಅದು ಗಂಡಸರ ಸೀಟು" ಅನ್ನುತ್ತಾರೆ. ಹೆಂಗಸರೂ ಅನ್ನುತ್ತಾರೆ. ನಮ್ಮ ಏಳು ಜನರಲ್ಲಿ ಇಬ್ಬರು ಮುಂದಿನ ಸಲ ಸಾಮಾನ್ಯ ಸ್ಥಾನದಿಂದಲೇ ನಿಲ್ಲುತ್ತೇವೆ ಅಂತ ಗಟ್ಟಿ ಮಾಡಿದ್ದಾರೆ. ನಾನೂ ನಿಲ್ಲುತ್ತೇನೆ.

2025ರ ಕೊನೆಗೆ ನಮ್ಮ ಅವಧಿ ಮುಗಿಯಿತು. ಗುರುತಿನ ಚೀಟಿ ಬೀರುವಿನಲ್ಲಿದೆ. ಬುಧವಾರ ಬೆಳಗ್ಗೆ ಮೊದಲಿನ ಹಾಗೆ ಆಫೀಸಿಗೆ ಹೋಗುತ್ತೇನೆ. ಖಾತೆಗೆ, ಪಿಂಚಣಿಗೆ ಅಲೆಯುವವರ ಜೊತೆ. ಆ ಗುಮಾಸ್ತರು ಈಗಲೂ ಅಲ್ಲೇ ಇದ್ದಾರೆ. ನನ್ನನ್ನು ಕಂಡರೆ ಕುರ್ಚಿ ಎಳೆಯುತ್ತಾರೆ.

ನೀರಿನ ಪುಸ್ತಕ ಈಗ ಐದನೆಯದು. ಮೇಲಿನ ಬೀದಿಯ ಹುಡುಗಿ ಒಬ್ಬಳು ಬರೆಯುತ್ತಾಳೆ, ಬಿ.ಕಾಂ. ಓದುತ್ತಿದ್ದಾಳೆ. ನಿನ್ನೆ ಸಂಜೆ ತಂದು ತೋರಿಸಿದಳು. ಸೋಮವಾರ: ಮೇಲಿನ ಬೀದಿ, 5.40ಕ್ಕೆ ಬಂತು, 7.05ಕ್ಕೆ ನಿಂತಿತು. ಕೆಳಗಿನ ಬೀದಿ, 7.15ಕ್ಕೆ ಬಂತು, 8.50ಕ್ಕೆ ನಿಂತಿತು. ದೇವಸ್ಥಾನದ ಹಿಂದಿನ ಸಂದಿ, ಬರಲಿಲ್ಲ. ಅದರ ಹಿಂದಿನ ಸರದಿಯಲ್ಲೂ ಬಂದಿಲ್ಲ.

ಇವತ್ತು ಬುಧವಾರ. ಹತ್ತು ಗಂಟೆಗೆ ಇಂಜಿನಿಯರ್ ಬರುತ್ತಾರೆ. ಪುಸ್ತಕ ಚೀಲದಲ್ಲಿ ಇಟ್ಟುಕೊಂಡಿದ್ದೇನೆ.